ಬಾಣಂತಿ ಹಡಗು ಹತ್ತಿದಳು

ದೊಡ್ಡ ಕೆಲಸಕ್ಕೆ ಹೊರಟ ಗಂಡಸರ ಸಿದ್ಧತೆ ನೋಡಲು ಬಲು ಚೆಂದ. ಗೋಡೆಗೆ ನಕಾಶೆ ಅಂಟಿಸುತ್ತಾರೆ, ಅದರ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ, ಮನೆಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾರೆ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನ ವಿಲಿಯಂ ಕೇರಿ ಇದನ್ನೆಲ್ಲ ವರ್ಷಗಟ್ಟಲೆ ಮಾಡಿದ. 1761ರಲ್ಲಿ ಹುಟ್ಟಿದ ಈತ ಮೌಲ್ಟನ್ ಎಂಬ ಹಳ್ಳಿಯಲ್ಲಿ ಒಂದೇ ಹೊಟ್ಟೆಗೆ ಮೂರು ಉದ್ಯೋಗ ಮಾಡುತ್ತಿದ್ದ. ಜೋಡು ಹೊಲಿಯುವುದು, ಹುಡುಗರಿಗೆ ಪಾಠ ಹೇಳುವುದು, ಭಾನುವಾರ ಉಪದೇಶ ಮಾಡುವುದು. ಹಾಳೆಗೆ ಹಾಳೆ ಅಂಟಿಸಿ ತಾನೇ ಮಾಡಿದ ಪ್ರಪಂಚದ ನಕಾಶೆ ಗೋಡೆಯ ಮೇಲೆ. ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್, ಫ್ರೆಂಚ್ ಎಲ್ಲ ತಾನೇ ಕೂತು ಕಲಿತದ್ದು. ನಾಳೆ ಯಾವ ದೇಶಕ್ಕೆ ಕರೆ ಬರುತ್ತದೋ ಯಾರಿಗೆ ಗೊತ್ತು?

ಕೊನೆಗೆ 1792ರಲ್ಲಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಪರದೇಶಗಳಿಗೆ ಹೋಗಿ ಕ್ರಿಸ್ತನ ಮಾತು ಹೇಳುವುದು ಕ್ರೈಸ್ತರ ಕರ್ತವ್ಯ ಹೌದೋ ಅಲ್ಲವೋ ಎಂಬ ವಿಚಾರ. ಯಾವ ದೇಶದಲ್ಲಿ ಎಷ್ಟು ಜನ, ಯಾವ ಮತ ಎಂದು ಕೋಷ್ಟಕ ಹಾಕಿದ್ದಾನೆ. ಹೋಗುವ ತಂಡಕ್ಕೆ ಏನೇನು ಬೇಕು ಎಂಬ ಸಾಮಾನಿನ ಯಾದಿಯೂ ಇದೆ. ಒಂದೆರಡು ಹಸು, ಒಂದು ಹೋರಿ, ಇನ್ನಷ್ಟು ದನಕರು, ಬೇಸಾಯದ ಸಲಕರಣೆ, ಬಿತ್ತಲಿಕ್ಕೆ ಕಾಳು, ಚಾಕು, ಮದ್ದುಗುಂಡು, ಮೀನು ಹಿಡಿಯುವ ಗಾಳ. ಮನೆಗೆಲಸಕ್ಕೆ ಹೆಂಗಸರೂ ಮಕ್ಕಳೂ ಬೇಕಾಗುತ್ತಾರೆ ಅಂತಲೂ ಬರೆದಿದ್ದಾನೆ. ಹೆಂಗಸರ ಮಾತು ಹಸುವಿನ ಮಾತಿಗಿಂತ ಸ್ವಲ್ಪ ಮುಂಚೆ ಬರುತ್ತದೆ. ಅಷ್ಟಕ್ಕೆ ನಾವು ಸಮಾಧಾನ ಮಾಡಿಕೊಳ್ಳಬೇಕು.

ಯಾದಿಯಲ್ಲಿ ಕೂಸಿಗೆ ಅಂತ ಏನೂ ಇಲ್ಲ. ಗಾಳ ಇದೆ, ಕುಲಾವಿ ಇಲ್ಲ. ಮದ್ದುಗುಂಡು ಇದೆ, ಒದ್ದೆ ಬಟ್ಟೆ ಬದಲಿಸಲು ಹಳೇ ಸೀರೆಯ ತುಂಡು ಇಲ್ಲ. ಸೀರೆ ಉಡುವ ದೇಶ ಅಲ್ಲವಲ್ಲ ಅಂತ ನೀವು ಹೇಳಬಹುದು. ಹಳೇ ಬಟ್ಟೆ ಇಲ್ಲದ ದೇಶವೂ ಅಲ್ಲ.

ಕೇರಿಯ ಮೇಲೆ ನನಗೇನೂ ದ್ವೇಷವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರು ನಿವೃತ್ತ ಕನ್ನಡ ಮಾಸ್ತರು. ಕೇರಿಯ ಹೆಸರು ಬಂದರೆ ಕೂತಲ್ಲೇ ನೆಟ್ಟಗಾಗುತ್ತಾರೆ. ಕಾರಣ, ಈ ಜೋಡು ಹೊಲಿಯುವವನೇ ಮುಂದೆ 1817ರಲ್ಲಿ ಬಂಗಾಳದ ಸಿರಾಂಪುರದಿಂದ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಬರೆದು ಅಚ್ಚು ಮಾಡಿಸಿದ. ನಮ್ಮ ಸೀಮೆಯಲ್ಲಿ ನೆಲೆಸದೆ ನಮ್ಮ ವಿಭಕ್ತಿಗಳನ್ನು ಲೆಕ್ಕ ಹಾಕಿದವನ ಮುಂದೆ ಮಾಸ್ತರು ಕೈ ಮುಗಿಯದೆ ಇರುತ್ತಾರೆಯೇ? ಅವನ ಚರಿತ್ರೆಯ ಪುಸ್ತಕವೊಂದನ್ನು ಊಟದ ಹೊತ್ತಿಗೂ ಬಿಡದೆ ಓದುತ್ತಿದ್ದರು. ಪಲ್ಯ ಬಡಿಸುತ್ತ ನಾನೂ ಕಿವಿಗೆ ಹಾಕಿಕೊಂಡೆ. ತಂಟೆ ಶುರುವಾದದ್ದು ಅಲ್ಲಿಂದ.

"ಏಳು ವರ್ಷ ತಯಾರಿ ಮಾಡ್ಯಾರ ನೋಡು ಕೇರಿ ಸಾಹೇಬ್ರು," ಅಂದರು.

"ಮತ್ತ ಹೆಂಡ್ತಿ?"

ಹಾಳೆ ತಿರುವಿದರು. ಇನ್ನೊಂದು ಹಾಳೆ ತಿರುವಿದರು. "ಒಂದು ದಿನ," ಅಂದರು, ಸ್ವಲ್ಪ ಸಣ್ಣ ದನಿಯಲ್ಲಿ.

ಹೆಂಡತಿಯ ಹೆಸರು ಡೊರೋಥಿ. 1781ರಲ್ಲಿ ಪಿಡಿಂಗ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಮದುವೆ. ಗಂಡನಿಗಿಂತ ಐದಾರು ವರ್ಷ ದೊಡ್ಡವಳು. ಓದು ಬರಹ ಇಲ್ಲ, ಮದುವೆಯ ದಫ್ತರದಲ್ಲಿ ಸಹಿಯ ಬದಲು ಗೀಟಿನ ಗುರುತು ಹಾಕಿದವಳು. ಗಂಡ ಗ್ರೀಕು ಹೀಬ್ರೂ ಕಲಿಯುವಾಗ ಈಕೆ ಏನು ಮಾಡುತ್ತಿದ್ದಳು ಎಂದರೆ, ಅವನಿಗೆ ಕಲಿಯಲು ಪುರಸೊತ್ತು ಮಾಡಿಕೊಡುತ್ತಿದ್ದಳು. ಹಡೆದ ಮಕ್ಕಳಲ್ಲಿ ಎರಡು ಹೆಣ್ಣುಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದಳು. ಉಳಿದವರು ಮೂವರು ಗಂಡುಹುಡುಗರು, ಫೆಲಿಕ್ಸ್, ವಿಲಿಯಂ, ಪೀಟರ್. 1793ರ ಜನವರಿಯಲ್ಲಿ ಗಂಡ ಸಭೆಗೆಂದು ಕೆಟರಿಂಗ್ ಊರಿಗೆ ಹೋದವನು ಬಂಗಾಳಕ್ಕೆ ಹೋಗುವುದಾಗಿ ಮಾತು ಕೊಟ್ಟು ಬಂದ. ಆಗ ಆಕೆ ಮತ್ತೆ ಬಸುರಿ. ಮುಂದಿನ ತಿಂಗಳೇ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿತು, ಸಮುದ್ರದ ತುಂಬ ಫ್ರೆಂಚರ ಹಡಗುಗಳ ಭಯ. ನಾ ಬರೋದಿಲ್ಲ ಅಂದಳು. ಇದಕ್ಕೆ ಹಳೆಯ ಚರಿತ್ರಕಾರರು ಆಕೆಯನ್ನು ಹಟಮಾರಿ, ತಿಳಿಗೇಡಿ ಎಂದೆಲ್ಲ ಬರೆದರು. ಇಡೀ ಕತೆಯಲ್ಲಿ ಬುದ್ಧಿ ನೆಟ್ಟಗಿದ್ದ ಒಂದೇ ಮಾತು ಅದು ಅಂತ ನನಗೆ ಕಾಣುತ್ತದೆ. 1992ರಲ್ಲಿ ಜೇಮ್ಸ್ ಬೆಕ್ ಎಂಬುವರು ಡೊರೋಥಿಯ ಮೇಲೆಯೇ ಒಂದು ಪುಸ್ತಕ ಬರೆದರು. ಆಕೆ ತೀರಿಹೋಗಿ ಆಗ ಹೆಚ್ಚುಕಡಿಮೆ ಇನ್ನೂರು ವರ್ಷವಾಗಿತ್ತು. ನಿಧಾನವಾದರೂ ಬಂತಲ್ಲ.

ಕೇರಿ ಹಿರಿಯ ಮಗ ಫೆಲಿಕ್ಸನನ್ನು ಕರೆದುಕೊಂಡು ಹೊರಟ. ಇನ್ನೂ ಸಣ್ಣ ಹುಡುಗ. ಮುಂದೆಂದೋ ಬಂದು ಉಳಿದವರನ್ನು ಕರೆದೊಯ್ಯುವ ಲೆಕ್ಕ. ಜೊತೆಗೆ ಜಾನ್ ಥಾಮಸ್ ಎಂಬ ವೈದ್ಯ. ಬಂಗಾಳ ನೋಡಿ ಬಂದವನು, ಭಕ್ತಿವಂತ, ಮಾತುಗಾರ, ಮೈತುಂಬ ಸಾಲ. ಏಪ್ರಿಲ್‌ನಲ್ಲಿ ಥೇಮ್ಸ್ ನದಿಯಲ್ಲಿ 'ಅರ್ಲ್ ಆಫ್ ಆಕ್ಸ್‌ಫರ್ಡ್' ಹಡಗು ಹತ್ತಿದರು. ಹಡಗು ವೈಟ್ ದ್ವೀಪದ ಹತ್ತಿರ ಬಂದು ನಿಂತುಬಿಟ್ಟಿತು. ಯುದ್ಧಕಾಲ, ಬೆಂಗಾವಲಿನ ಹಡಗುಗಳು ಬರಬೇಕು. ವಾರಗಳು ಹೋದವು. ಇವರ ಹತ್ತಿರ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲ, ಥಾಮಸನ ಹಿಂದೆ ಸಾಲ ಕೊಟ್ಟವರ ಕಣ್ಣು. ಯಾರೋ ಕಪ್ತಾನನಿಗೆ ಹೆಸರಿಲ್ಲದ ಪತ್ರ ಬರೆದರು. ಕಪ್ತಾನ ಹೆದರಿ, ಮೂಟೆ ಮುಡಿಚೆ ಸಮೇತ ಇಳಿಸಿಬಿಟ್ಟ. ವರ್ಷಗಟ್ಟಲೆ ಮಾಡಿದ ತಯಾರಿ ದಡದ ಮೇಲೆ ಪೆಟ್ಟಿಗೆಯಾಗಿ ಕೂತಿತು.

ಅಷ್ಟರಲ್ಲಿ ಪಿಡಿಂಗ್ಟನ್‌ನಲ್ಲಿ ಡೊರೋಥಿ ಹಡೆದಿದ್ದಳು. ಗಂಡುಕೂಸು. ಸುದ್ದಿ ಕೇರಿಗೆ ಮುಟ್ಟಿದ್ದು ವೈಟ್ ದ್ವೀಪದಲ್ಲಿ ಕಾಯುತ್ತಿದ್ದಾಗ, ಪತ್ರದ ಮೂಲಕ. ಕೂಸಿಗೆ ಜೇಬಜ್ ಎಂದು ಹೆಸರಿಟ್ಟರು.

ಇನ್ನು ಆ ಒಂದು ದಿನದ ಸಮಾಚಾರ. ಲಂಡನ್ನಿನಲ್ಲಿ ಒಂದು ಡೇನಿಷ್ ಹಡಗಿನ ಸುಳಿವು ಸಿಕ್ಕಿತು. ಕಂಪನಿಯ ಕಟ್ಟುಪಾಡು ಅದಕ್ಕಿಲ್ಲ. ಇಂದೋ ನಾಳೆಯೋ ಡೋವರ್ ಬಂದರಿನ ಹತ್ತಿರ ಬರುತ್ತದೆ ಎಂಬ ಗಡಿಬಿಡಿ. ಕೇರಿ, ಥಾಮಸ್ ಇಬ್ಬರೂ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಪಿಡಿಂಗ್ಟನ್ ಮುಟ್ಟಿದರು. ಬಾಣಂತಿಯ ಮನೆಯಲ್ಲಿ ನಾಷ್ಟಾ ಮಾಡಿದರು. ಆ ನಾಷ್ಟಾ ಮಾಡಿ ಬಡಿಸಿದವರು ಯಾರು, ಕೂಸನ್ನು ಆಗ ಯಾರು ಹಿಡಿದುಕೊಂಡಿದ್ದರು ಎಂದು ಯಾರೂ ಬರೆದಿಲ್ಲ. ಆಮೇಲೆ ಕೇಳಿದರು. ಈಗಲಾದರೂ ಬಾ.

ಮೂರು ವಾರದ ಬಾಣಂತಿ! ನಮ್ಮ ಧಾರವಾಡದ ಕಡೆ ಆ ಹೊತ್ತಿಗೆ ಬಾಣಂತಿ ಕೋಣೆಯ ಕಿಡಕಿ ತೆರೆಯಲಿಕ್ಕೂ ಹಿರಿಯರ ಪರವಾನಗಿ ಬೇಕು. ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದ ಬಟ್ಟೆ, ಕಾಟಿನ ಕೆಳಗೆ ಕೆಂಡ, ಬೆಳಿಗ್ಗೆ ಅಳ್ವಿ ಪಾಯಸ, ಸಂಜೆಗೆ ಅಂಟಿನುಂಡಿ. ತಣ್ಣನೆಯ ನೆಲಕ್ಕೆ ಕಾಲಿಟ್ಟರೆ ನಮ್ಮ ಅತ್ತೆಯವರು ಅಡುಗೆಮನೆಯಿಂದಲೇ ಕಂಡುಹಿಡಿಯುತ್ತಿದ್ದರು. ಕೂಸಿಗೆ ಬಜೆ, ಜಾಯಿಕಾಯಿ, ಮಾಚಿಕಾಯಿ ತೇಯ್ದು ನಾಲಿಗೆಗೆ ಸವರಿ, ಎರೆದು, ಲೋಬಾನದ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಮಲಗಿಸುವ ಹೊತ್ತಿಗೆ ಮನೆಯ ಹೆಂಗಸರೆಲ್ಲ ಬೆವೆತಿರುತ್ತಿದ್ದರು. ಮೂರು ತಿಂಗಳು ಓಣಿಯ ತುದಿಯ ಮಾರುತಿ ಗುಡಿಯೂ ದೂರ. ಇಲ್ಲಿ ನೋಡಿದರೆ ಬಂಗಾಳ!

"ಅಲ್ರೀ, ಮೂರು ವಾರದ ಬಾಣಂತಿಗೆ ಹಡಗು ಹತ್ತು ಅಂದ್ರ ಹೆಂಗ ಹತ್ತಬೇಕು?"

"ದೇವರ ಕೆಲಸಾ ಅದು. ಸಣ್ಣ ಪುಟ್ಟ ಅಡಚಣಿ ನೋಡಿದ್ರ ನಡೀತದೇನು?"

"ಸಣ್ಣ ಅಡಚಣಿ ತೊಟ್ಟಲದಾಗ ಅಳಲಿಕ್ಕೆ ಹತ್ತಿತ್ತಲ್ರೀ!"

ಮಾಸ್ತರು ಮಜ್ಜಿಗೆ ಕೇಳಿದರು. ವಾದದಲ್ಲಿ ಸೋಲು ಹತ್ತಿರವಾದಾಗ ಅವರಿಗೆ ನೀರಡಿಕೆ ಆಗುತ್ತದೆ.

ಡೊರೋಥಿ ಆಗಲೂ ಒಲ್ಲೆನೆಂದಳು. ಇಬ್ಬರೂ ಎದ್ದು ನಾರ್ಥಾಂಪ್ಟನ್ ದಾರಿ ಹಿಡಿದರು, ಅಲ್ಲಿ ದುಡ್ಡು ಹೊಂದಿಸಬೇಕಿತ್ತು. ನಡುದಾರಿಯಲ್ಲಿ ಥಾಮಸನಿಗೆ ಇನ್ನೊಮ್ಮೆ ಕೇಳೋಣ ಎನಿಸಿತು. ಕೇರಿ, ಸುಮ್ಮನೆ ಹೊತ್ತು ಹಾಳು, ಬೇಡ ಎಂದ. ಹನ್ನೆರಡು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ 'ಇಲ್ಲ'ದ ತೂಕ ಗೊತ್ತಿರುತ್ತದೆ. ಥಾಮಸ್ ಕೇಳಲಿಲ್ಲ. ವಾಪಸು ಹೋಗಿ ಬಾಣಂತಿಯ ಮುಂದೆ ನಿಂತು ಹೆದರಿಸಿದ. ಸಂಸಾರ ಶಾಶ್ವತವಾಗಿ ಹರಿದುಹೋಗುತ್ತದೆ, ಈಗ ಬಾರದಿದ್ದರೆ ಬದುಕಿರುವ ತನಕ ಹಳಹಳಿಸುತ್ತೀ ಅಂದ. ಇದನ್ನು ಬರೆದಿಟ್ಟವನೂ ಥಾಮಸನೇ, ಬಹಳ ಹೆಮ್ಮೆಯಿಂದ. ಮಂದಿಯ ಮನೆಗೆ ಹೋಗಿ ನಿದ್ದೆಗೆಟ್ಟ ಬಾಣಂತಿಯನ್ನು ಒಪ್ಪಿಸಿ ಬಂದೆ ಎಂದು ಹೇಳಿಕೊಳ್ಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಎಲ್‌ಐಸಿ ಪಾಲಿಸಿ ಮಾರುವವರಲ್ಲೂ ಒಬ್ಬಿಬ್ಬರನ್ನು ಕಂಡಿದ್ದೇನೆ.

ಡೊರೋಥಿ ಒಂದು ಕರಾರು ಹಾಕಿದಳು. ತಂಗಿ ಕಿಟ್ಟಿ ಬಂದರೆ ನಾನು ಬರುತ್ತೇನೆ. ಇಡೀ ಪ್ರಸಂಗದಲ್ಲಿ ತಯಾರಿ ಅಂತ ಕರೆಯಬಹುದಾದ ಕೆಲಸ ಇದೊಂದೇ. ನಾಲ್ಕು ಗಂಡುಹುಡುಗರು, ಅದರಲ್ಲೊಂದು ಮೊಲೆಹಾಲಿನ ಕೂಸು, ನಕಾಶೆ, ಭಾಷೆ ಎಂದು ಆಕಾಶ ನೋಡುವ ಗಂಡ, ಸಾಲಗಾರ ವೈದ್ಯ. ಈ ತಂಡಕ್ಕೆ ಬೇಕಾದದ್ದು ಇನ್ನೊಬ್ಬ ಹೆಂಗಸೇ ಹೊರತು ಹೋರಿಯಲ್ಲ ಎಂದು ಒಂದು ಕ್ಷಣದಲ್ಲಿ ತಿಳಿದುಕೊಂಡಳು. ಕೇರಿಯ ಯಾದಿಯನ್ನು ಓದಲು ಬಾರದವಳು ಅದನ್ನು ತಿದ್ದಿದಳು. ಕಿಟ್ಟಿ ಮಹಡಿಗೆ ಹೋಗಿ ಪ್ರಾರ್ಥನೆ ಮಾಡಿ, ಕೆಳಗಿಳಿದು ಬಂದು, ಹೂಂ ಅಂದಳು. ಆ ಕಿಟ್ಟಿಗೆ ಒಂದು ಗುಡಿ ಕಟ್ಟಬೇಕು. ನನ್ನ ತಂಗಿಯನ್ನು ಮದ್ರಾಸಿಗೆ ಎರಡು ದಿನ ಜೊತೆಗೆ ಬಾರೇ ಅಂದರೆ ಸೀರಿಯಲ್ಲಿನ ಮುಂದಿನ ವಾರದ ಕತೆ ಏನಾಗುತ್ತದೋ ಅನ್ನುತ್ತಾಳೆ.

ಒಂದು ದಿನದೊಳಗೆ ಮನೆ ಖಾಲಿ. ಏನು ಬಿಡಬೇಕು, ಏನು ಕಟ್ಟಬೇಕು, ಯಾವುದನ್ನು ಯಾರಿಗೆ ಕೊಡಬೇಕು ಎಂದು ಯೋಚಿಸಲು ರಾತ್ರಿಯೊಂದೇ. ಅದರಲ್ಲೂ ಕೂಸು ಎಷ್ಟು ಸಲ ಎದ್ದಿರುತ್ತದೋ. ನಮ್ಮ ಅಕ್ಕನ ಮೊಮ್ಮಗಳ ಕೂಸಿಗೆ ಮೊನ್ನೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಒಂದು ಇಡೀ ಮಧ್ಯಾಹ್ನ ಹೋಯಿತು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಂದೆ ಬಿಳಿ ಬಣ್ಣ, ಹಿಡಿದವರ ಕೈ ಕಾಣಬಾರದು. ಕಣ್ಣು ತೆರೆದರೆ ಬಾಯಿ ತೆರೆಯುತ್ತದೆ, ಬಾಯಿ ಮುಚ್ಚಿದರೆ ನಿದ್ದೆ. ಸ್ಟುಡಿಯೋದವನು ಗೂಬೆಯ ದನಿ, ಬೆಕ್ಕಿನ ದನಿ ಎಲ್ಲ ತೆಗೆದ. ಡೊರೋಥಿಗೆ ಈ ಕಾಟ ಇರಲಿಲ್ಲ, ಒಪ್ಪುತ್ತೇನೆ. ಪಾಸ್‌ಪೋರ್ಟು ಯಾಕೆ, ಕಂಪನಿಯ ಪರವಾನಗಿಯೇ ಇಲ್ಲದೆ ಹೊರಟ ಮಂದಿ.

ದುಡ್ಡಿನ ಕತೆ ಇನ್ನೂ ಮಜ. ಹಿಂದಿನ ಅಕ್ಟೋಬರ್ 2ರಂದು ಕೆಟರಿಂಗ್‌ನ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಇವರನ್ನು ಕಳಿಸಿದ ಸೊಸೈಟಿ ಹುಟ್ಟಿದಾಗ ಎಲ್ಲರೂ ಸೇರಿ ಕೊಡುತ್ತೇವೆಂದು ಬರೆಸಿದ್ದು 13 ಪೌಂಡ್, 2 ಶಿಲಿಂಗ್, 6 ಪೆನ್ಸ್. ವಾಗ್ದಾನದ ಚೀಟಿಗಳನ್ನು ನಶ್ಯದ ಡಬ್ಬಿಯಲ್ಲಿ ಹಾಕಿದರಂತೆ. ಡೇನಿಷ್ ಹಡಗಿನ ದರ ದೊಡ್ಡವರಿಗೆ 100 ಪೌಂಡ್, ಮಕ್ಕಳಿಗೆ 50, ಆಳುಗಳಿಗೆ 25. ದೊಡ್ಡವರು ನಾಲ್ಕು, ಮಕ್ಕಳು ನಾಲ್ಕು, ಒಟ್ಟು 600. ಎಷ್ಟು ನಶ್ಯ ಏರಿಸಿದರೂ ಈ ಲೆಕ್ಕ ತಲೆಗೆ ಹತ್ತುವುದಿಲ್ಲ. ಥಾಮಸ್ ಸಾಲದಲ್ಲಿ ಪಳಗಿದ ಮನುಷ್ಯ, ಚೌಕಾಶಿಗೆ ಕೂತ. ತಾನೂ ಕಿಟ್ಟಿಯೂ ಆಳುಗಳ ಲೆಕ್ಕದಲ್ಲಿ ಬರುತ್ತೇವೆಂದ. ಕೊನೆಗೆ ಎಲ್ಲರಿಗೂ ಸೇರಿ 300 ಗಿನಿಗೆ ಕುದುರಿತು. ಪ್ರಾರ್ಥನೆ ಮಾಡಿ ಮಹಡಿ ಇಳಿದು ಬಂದ ಕಿಟ್ಟಿ ಕಾಗದದ ಮೇಲೆ ಆಳಾದಳು. ಹಡಗಿನ ಕಪ್ತಾನ ಮಾತ್ರ ಸಜ್ಜನ, ಇಬ್ಬರಿಗೂ ಕ್ಯಾಬಿನ್ ಕೊಟ್ಟು ತನ್ನ ಮೇಜಿನಲ್ಲೇ ಊಟಕ್ಕೆ ಕೂರಿಸಿದ. ಅವನ ಹೆಸರು ಕ್ರಿಸ್ಮಸ್. ನಾನು ಕಟ್ಟಿದ್ದಲ್ಲ, ನಿಜವಾಗಿ ಕ್ಯಾಪ್ಟನ್ ಕ್ರಿಸ್ಮಸ್.

ಇಷ್ಟೆಲ್ಲ ಗಡಿಬಿಡಿ ಮಾಡಿಸಿದ ಹಡಗು ಆಮೇಲೆ ಆರಾಮಾಗಿ ಬಂತು. ಡೋವರ್‌ನಲ್ಲಿ ಕಾದರು, ಕಾದರು. ಕೊನೆಗೆ 1793ರ ಜೂನ್ 13ರಂದು 'ಕ್ರೋನ್ ಪ್ರಿನ್ಸೆಸಾ ಮರಿಯಾ' ಹೊರಟಿತು. ಬಾಣಂತಿಗೆ ಆ ಕಾದ ದಿನಗಳನ್ನು ಪಿಡಿಂಗ್ಟನ್‌ನಲ್ಲೇ ಕೊಟ್ಟಿದ್ದರೆ ನಾಲ್ಕು ರಾತ್ರಿ ನಿದ್ದೆ ಮಾಡುತ್ತಿದ್ದಳು.

ಕಲ್ಕತ್ತಾ ಮುಟ್ಟಿದ್ದು ನವೆಂಬರ್ 11ಕ್ಕೆ. ಐದು ತಿಂಗಳು ನೀರಿನ ಮೇಲೆ. ಆ ಅವಧಿಯಲ್ಲಿ ಕೇರಿ ಥಾಮಸನಿಂದ ಬಂಗಾಳಿ ಕಲಿತ, ಇಬ್ಬರೂ ಸೇರಿ ಬೈಬಲಿನ ಆದಿಕಾಂಡವನ್ನು ಬಂಗಾಳಿಗೆ ತರಲು ಶುರುಮಾಡಿದರು, ಅದನ್ನೆಲ್ಲ ಚರಿತ್ರೆ ಬರೆದುಕೊಂಡಿದೆ. ಅದೇ ಅವಧಿಯಲ್ಲಿ ಜೇಬಜ್ ನಗುವುದು, ಮಗುಚಿಕೊಳ್ಳುವುದು, ಕೂರುವುದು ಕಲಿತಿರಬೇಕು. ಅದನ್ನು ಯಾರೂ ಬರೆಯಲಿಲ್ಲ. ಕೂಸು ಹೊಸ್ತಿಲು ದಾಟಿದರೆ ನಾವು ಓಣಿಗೆಲ್ಲ ಸಿಹಿ ಹಂಚುತ್ತೇವೆ. ಇದು ಹೊಸ್ತಿಲು ಕಾಣುವ ಮೊದಲೇ ಸಮುದ್ರ ದಾಟಿತು. ಹಡಗಿನಲ್ಲಿ ಸಿಹಿನೀರು ಅಳತೆಯ ಮೇಲೆ. ಉಪ್ಪುನೀರಲ್ಲಿ ಒಗೆದ ಬಟ್ಟೆ ಎಷ್ಟು ಬಿಸಿಲು ತಾಗಿದರೂ ಪೂರಾ ಒಣಗುವುದಿಲ್ಲ, ಅದನ್ನು ಸುತ್ತಿದರೆ ಕೂಸಿನ ತೊಡೆ ಕೆಂಪಾಗುತ್ತದೆ. ಆದಿಕಾಂಡದ ಅನುವಾದ ಎಷ್ಟು ಕಷ್ಟವೋ ನನಗೆ ತಿಳಿಯದು. ಈ ಕಷ್ಟ ತಿಳಿಯುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೆ ಹರಟೆಯ ದನಿ ಹೊಂದುವುದಿಲ್ಲ. ಕಲ್ಕತ್ತಾದಲ್ಲಿ ತಂದ ದುಡ್ಡು ಕರಗಿತು. ಹೆಂಗಸರಿಗೆ ಅನ್ನ ಸೇರದು, ರೊಟ್ಟಿ ಇಲ್ಲವೆಂದು ಗೊಣಗುತ್ತಾರೆ ಎಂದು ಕೇರಿ ದಿನಚರಿಯಲ್ಲಿ ಬರೆದುಕೊಂಡ. ಡೊರೋಥಿಗೂ ಫೆಲಿಕ್ಸನಿಗೂ ಆಮಶಂಕೆ. ಸುಂದರಬನದ ಅಂಚಿಗೆ ಹೋದರು, ಅಲ್ಲಿಂದ ಉತ್ತರ ಬಂಗಾಳದ ಮದನಾವತಿಯ ನೀಲಿ ಕಾರ್ಖಾನೆಗೆ. 1794ರಲ್ಲಿ ಅಲ್ಲಿ ಪೀಟರ್ ತೀರಿಕೊಂಡ, ಐದು ವರ್ಷದ ಹುಡುಗ. ಆಮೇಲೆ ಡೊರೋಥಿಯ ಮನಸ್ಸು ಕೆಟ್ಟಿತು, ಮತ್ತೆ ನೆಟ್ಟಗಾಗಲಿಲ್ಲ. 1807ರ ಡಿಸೆಂಬರಿನಲ್ಲಿ ಸಿರಾಂಪುರದಲ್ಲಿ ಸತ್ತಳು. ಇದನ್ನು ಓದಿ ಹೇಳಿದ ಮೇಲೆ ಮಾಸ್ತರು ಪುಸ್ತಕ ಮುಚ್ಚಿ ಕನ್ನಡಕ ಒರೆಸಿದರು. ನಾನೂ ಆ ಹೊತ್ತು ತಂಟೆ ತೆಗೆಯಲಿಲ್ಲ.

ಕಿಟ್ಟಿಯ ಪಾಡು ವಾಸಿ. ಸುಂದರಬನದ ಕಡೆ ಇವರಿಗೆ ಆಸರೆ ಕೊಟ್ಟ ಕಂಪನಿಯ ಉಪ್ಪಿನ ಇಲಾಖೆಯ ಸಾಹೇಬ ಚಾರ್ಲ್ಸ್ ಶಾರ್ಟ್ ಎಂಬುವನಿದ್ದ. ಅವನನ್ನೇ ಮದುವೆಯಾದಳು. ಆಳಿನ ಲೆಕ್ಕದಲ್ಲಿ ಹಡಗು ಹತ್ತಿದವಳು ಹುಲಿಗಳ ಸೀಮೆಯಲ್ಲಿ ಮನೆಯೊಡತಿಯಾದಳು. ಯಾವ ಯಾದಿಯಲ್ಲೂ ಇರದ ಹೆಂಗಸು, ನೋಡಿ.

ನಮ್ಮ ಕಡೆ ಬಂದ ಬಾಸೆಲ್ ಮಿಷನ್ನಿನವರು ಇದನ್ನೆಲ್ಲ ಕೇಳಿ ತಿಳಿದಿದ್ದರೋ ಏನೋ, ಬೇರೆ ದಾರಿ ಹಿಡಿದರು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ತೊಟ್ಟಿಲಿಲ್ಲದೆ ಬಂದರು. ಹೆಬಿಕ್ ಕೊನೆತನಕ ಬ್ರಹ್ಮಚಾರಿ. ಉಳಿದವರಿಗೆ ಮದುವೆ ಬೇಕಾದರೆ ಬಾಸೆಲ್‌ನ ಕಮಿಟಿ ಒಪ್ಪಬೇಕು. ಒಪ್ಪಿದರೆ ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು, ಕೆಲವರು ವರನ ಮುಖವನ್ನೇ ಕಂಡಿರದವರು. ಕೂಸುಗಳು ಇಲ್ಲೇ ಹುಟ್ಟುತ್ತಿದ್ದವು, ಶಾಲೆಯ ವಯಸ್ಸಿಗೆ ಯುರೋಪಿಗೆ ರವಾನೆ. ಇದೇ ಮಿಷನ್ನಿನ ಹರ್ಮನ್ ಗುಂಡರ್ಟರ ಮಗಳು, ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಮಾರಿಯನ್ನು ಎಳವೆಯಲ್ಲೇ ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಇಲ್ಲಿಗೆ ವಾಪಸು ಬಂದರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈಕೆಯ ಮಗ. ಕೂಸನ್ನು ಕಟ್ಟಿಕೊಂಡು ಹೋಗುವುದೋ, ಕೂಸನ್ನು ಬಿಟ್ಟು ಹೋಗುವುದೋ? ಕಮಿಟಿಗಳು ಇದರ ಮೇಲೆ ಎಷ್ಟು ಠರಾವು ಮಾಡಿದವೋ. ಠರಾವು ಮಾಡಿದ ಮೇಜಿನ ಸುತ್ತ ಎದೆಹಾಲು ಕಟ್ಟಿಕೊಂಡ ನೋವು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಆ ಮೂರು ವಾರದ ಕೂಸು ಏನಾಯಿತು ಎಂದು ನೀವು ಕೇಳಬೇಕಿತ್ತು. ಬೆಳೆಯಿತು. ವಕೀಲರ ಕಚೇರಿ ಸೇರಿತು. ಆಮೇಲೆ ಅದಕ್ಕೂ ಅಪ್ಪನ ಗಾಳಿ ತಾಗಿ, 1814ರಲ್ಲಿ ಮಸಾಲೆ ದ್ವೀಪಗಳ ಅಂಬೊಯ್ನಾಕ್ಕೆ ಮಿಷನರಿಯಾಗಿ ಹೊರಟಿತು. ಹೊಸದಾಗಿ ಮದುವೆಯಾದ ಹೆಂಡತಿ ಎಲೈಜಾ ಜೊತೆಗೆ. ಹೊರಡುವಾಗ ಅಪ್ಪ ಕೇರಿ ಮಗನಿಗೆ ಉದ್ದನೆಯ ಬುದ್ಧಿವಾದದ ಪತ್ರ ಬರೆದ. ಹೆಂಡತಿಯ ಜೊತೆ ಬರೀ ಸರಿಯಾಗಿ ನಡೆದುಕೊಂಡರೆ ಸಾಲದು, ಪ್ರೀತಿಯಿಂದ ಇರು, ಅವಳಿಗೆ ಮರ್ಯಾದೆ ಕೊಡು ಎಂಬ ಅರ್ಥದ ಮಾತು ಅದರಲ್ಲಿದೆ. ಮಾಸ್ತರು ಇದನ್ನು ಎರಡು ಸಲ ಓದಿ ಹೇಳಿದರು, ಗೆದ್ದವರ ದನಿಯಲ್ಲಿ.

"ನೋಡಿದೇನು? ಕಲ್ತಾರ ಸಾಹೇಬ್ರು."

"ಹೂಂ. ಮತ್ತೇನ್ ಬರದಾರ?"

ಮತ್ತೆ, ಗಿಡ. ಕೇರಿಗೆ ತೋಟದ ಹುಚ್ಚು. ಅಂಬೊಯ್ನಾದಲ್ಲಿದ್ದ ಮಗನಿಗೆ ಅಲ್ಲಿಯ ಗಿಡ ಕಳಿಸು, ಗೆಡ್ಡೆ ಕಳಿಸು ಎಂದು ಪತ್ರಗಳಲ್ಲಿ ವರಾತ. ಸಮುದ್ರದ ಉಪ್ಪುಗಾಳಿ ತಾಗದ ಹಾಗೆ, ಬೇರಿನ ಮಣ್ಣು ಉದುರದ ಹಾಗೆ ಅಷ್ಟೂ ಗಿಡಗಳನ್ನು ಕಟ್ಟಿ ಹಡಗಿಗೆ ಏರಿಸುತ್ತಿದ್ದವರು ಯಾರು, ಎಲೈಜಾಳೇ ಏನು ಎಂದು ಕೇಳಿದೆ.

ಹಾಳೆ ತಿರುವಿದರು. ಪುಸ್ತಕದಾಗ ಇಲ್ಲ, ಅಂದರು.